ಕಿನುಯೆ, ನಿನಗೆ ಸುಸ್ತಾಗಿತ್ತಲ್ಲವೇ?

ಪ್ರೀತಿಯ ಕಿನುಯೆ ಹಿತೋಮಿ,

ಲೆಕ್ಕ ಹಾಕಿದರೆ ನೀನು ನನ್ನ ಅಜ್ಜಿಯ ಓರಗೆಯವಳು. 1907ರ ಜನವರಿ 1ರಂದು ಜಪಾನಿನ ಒಕಯಾಮಾದಲ್ಲಿ ಹುಟ್ಟಿದವಳು. ಆದರೆ 24ಕ್ಕೇ ನಿಂತುಹೋದವಳನ್ನು ಅಜ್ಜಿ ಎಂದು ಕರೆಯಲು ನಾಲಿಗೆ ಹೊರಳುವುದಿಲ್ಲ. ಈಗ ನೀನು ನನ್ನ ಮಗಳಿಗಿಂತಲೂ ಚಿಕ್ಕವಳು. ಅದಕ್ಕೇ ಬಹುವಚನ ಬಿಟ್ಟು ಸಲುಗೆಯಿಂದ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ನಾನೂ 800 ಮೀಟರ್ ಓಡುತ್ತಿದ್ದವಳು. ತಾಲ್ಲೂಕು, ಜಿಲ್ಲೆ ದಾಟಿ ಮೈಸೂರಿನ ದಸರಾ ಕ್ರೀಡಾಕೂಟದವರೆಗೆ ಹೋಗಿದ್ದೆ. ಓಡುವುದು ನಿಂತು ಎಷ್ಟೋ ಕಾಲವಾದರೂ ಆ ಓಟದ ಮೇಲಿನ ಮೋಹ ಹೋಗಿಲ್ಲ. ಹಾಗೇ ಒಮ್ಮೆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಗೆದ್ದವರ ಪಟ್ಟಿ ನೋಡುತ್ತಿದ್ದೆ. 1928 ಆದ ಮೇಲೆ ಸೀದಾ 1960. ನಡುವೆ 1932, 1936, 1948, 1952, 1956 ಅಂತ ಐದು ಒಲಿಂಪಿಕ್ಸ್ ನಡೆದಿವೆ. ಗಂಡಸರ ಪಟ್ಟಿಯಲ್ಲಿ ಐದಕ್ಕೂ ಹೆಸರುಗಳಿವೆ, ನಮ್ಮದರಲ್ಲಿ ಇಲ್ಲ. ಈ 32 ವರ್ಷ ಎಲ್ಲಿ ಹೋಯಿತು ಎಂದು ಕೆದಕುತ್ತಾ ಹೋದಾಗ ಸಿಕ್ಕವಳು ನೀನು. 1928, ಆಮ್‌ಸ್ಟರ್‌ಡ್ಯಾಮ್, ಎರಡನೇ ಸ್ಥಾನ, 2 ನಿಮಿಷ 17.6 ಸೆಕೆಂಡ್, ಹಿತೋಮಿ, ಜಪಾನ್. ಅವತ್ತಿನಿಂದ ನೀನು ನನ್ನ ತಲೆಯಿಂದ ಇಳಿದಿಲ್ಲ.

ಊರಿನ ಹೈಸ್ಕೂಲಿನಲ್ಲಿ ನೀನು ಟೆನಿಸ್ ಆಡುತ್ತಿದ್ದೆಯಂತೆ. ಉದ್ದನೆಯ ಹುಡುಗಿ, ಜೊತೆಯವರಿಗಿಂತ ತಲೆಯೆತ್ತರ ಮೇಲೆ. ಆ ಎತ್ತರ, ಆ ಭುಜ ನೋಡಿ ಯಾರಿಗೋ ಕಂಡಿರಬೇಕು, ಈ ಮೈ ಓಡುವುದಕ್ಕೂ ಜಿಗಿಯುವುದಕ್ಕೂ ಹುಟ್ಟಿದ್ದು ಅಂತ. 17ನೇ ವಯಸ್ಸಿಗೆ ನೀನು ಟೋಕಿಯೊಗೆ ಹೋದೆ. ಇಂಗ್ಲೆಂಡಿನಲ್ಲಿ ವ್ಯಾಯಾಮ ಶಿಕ್ಷಣ ಕಲಿತು ಬಂದಿದ್ದ ನಿಕಾಯ್ದೊ ತೊಕುಯೊ ಹೆಣ್ಣುಮಕ್ಕಳಿಗಾಗಿ ಅಲ್ಲಿ ಒಂದು ಶಾಲೆ ತೆರೆದಿದ್ದರು. ಒಂದು ಹೆಣ್ಣಿನ ಮೈ ಏನೇನು ಮಾಡಬಲ್ಲದು ಎಂದು ಬಲ್ಲ ಇನ್ನೊಬ್ಬ ಹೆಂಗಸು ಆ ವಯಸ್ಸಿನಲ್ಲಿ ಸಿಗುವುದು ಎಂಥ ಪುಣ್ಯ! ನಮಗೆಲ್ಲ ಆ ಪುಣ್ಯ ಇರಲಿಲ್ಲ ನೋಡು.

ಆಮೇಲೆ 1926. ಅದೇ ವರ್ಷ 'ಒಸಾಕಾ ಮೈನಿಚಿ' ಪತ್ರಿಕೆಯಲ್ಲಿ ವರದಿಗಾರ್ತಿಯಾಗಿ ಸೇರಿದೆ. ಅದೇ ಬೇಸಿಗೆಯಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಹೊರಟೆ. ಒಲಿಂಪಿಕ್ಸ್‌ನ ಟ್ರ್ಯಾಕಿನಲ್ಲಿ ಹೆಂಗಸರಿಗೆ ಜಾಗವಿಲ್ಲ ಎಂದಿದ್ದಕ್ಕೆ ಸಿಟ್ಟಾಗಿ, ಫ್ರಾನ್ಸಿನ ಆಲಿಸ್ ಮಿಲ್ಲಿಯಾ ಹೆಂಗಸರದ್ದೇ ಒಂದು ಕೂಟ ಕಟ್ಟಿದ್ದಳಲ್ಲ, ಅದರ ಎರಡನೇ ಸಲದ ಮೇಳ. ಇಡೀ ಜಪಾನಿನಿಂದ ನೀನೊಬ್ಬಳೇ. ಸೈಬೀರಿಯಾ ಹಾಯುವ ರೈಲು ಹತ್ತಿ, ಭಾಷೆ ಬಾರದ ದೇಶಗಳನ್ನು ಒಂದೊಂದಾಗಿ ದಾಟಿ ಅಲ್ಲಿಗೆ ತಲುಪಿದಾಗ ನಿನಗೆ ಬರೀ 19 ವರ್ಷ. ಉದ್ದ ಜಿಗಿತದಲ್ಲಿ 5.50 ಮೀಟರ್ ಹಾರಿ ಚಿನ್ನ. ನಿಂತಲ್ಲಿಂದಲೇ ಹಾರುವ ಜಿಗಿತದಲ್ಲೂ ಚಿನ್ನ. ಡಿಸ್ಕಸ್ ಎಸೆತದಲ್ಲಿ ಎರಡನೆಯವಳು, 100 ಗಜದ ಓಟದಲ್ಲಿ ಮೂರನೆಯವಳು. ಒಬ್ಬಂಟಿಯಾಗಿ ಹೋಗಿ, ಇಡೀ ಕೂಟದ ಅತ್ಯುತ್ತಮ ಸ್ಪರ್ಧಿ ಎನ್ನಿಸಿಕೊಂಡು ಬಂದೆ.

ಆ ರೈಲಿನ ಕಿಟಕಿಯಲ್ಲಿ ಕೂತ ನಿನ್ನನ್ನು ನಾನು ಬಹಳ ಸಲ ಊಹಿಸಿಕೊಂಡಿದ್ದೇನೆ. ಪಕ್ಕದ ಜಿಲ್ಲೆಗೆ ಸ್ಪರ್ಧೆಗೆ ಹೋಗಲು ಅಪ್ಪನ ಸಹಿಗಾಗಿ ಕಾದವರು ನಾವು. ಹಾಗಾಗಿ ಆ ರೈಲು ನನಗೆ ನಿನ್ನ ಪದಕಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಊರಲ್ಲಿ ಜನ ಏನೇನೆಲ್ಲ ಅಂದರು ಎಂಬುದೂ ಗೊತ್ತು. ತೊಡೆ ಕಾಣುವ ಚಡ್ಡಿ ಹಾಕಿಕೊಂಡು ಜನರೆದುರು ಓಡುತ್ತಾಳೆ, ಗಂಡಸಿನ ಹಾಗಿದ್ದಾಳೆ, ಇವಳು ಹೆಣ್ಣು ಹೌದೋ ಅಲ್ಲವೋ! ಹೊಗಳುತ್ತಿದ್ದ ಬಾಯಲ್ಲೇ ಇಂಥ ಮಾತು. ನೀನು ಉತ್ತರ ಕೊಟ್ಟದ್ದು ಬರವಣಿಗೆಯಲ್ಲಿ, ಭಾಷಣಗಳಲ್ಲಿ. ಓಟದ ಬಗ್ಗೆ ಪುಸ್ತಕವನ್ನೂ ಬರೆದೆ. ಹೆಣ್ಣುಮಕ್ಕಳು ಆಡಬೇಕು, ಓಡಬೇಕು ಅಂತ ಊರೂರು ತಿರುಗಿ ಹೇಳಿದೆ. ಪತ್ರಿಕೆಯ ಕೆಲಸ ಒಂದು ಕಡೆ, ಅಭ್ಯಾಸ ಒಂದು ಕಡೆ, ಭಾಷಣ ಒಂದು ಕಡೆ. ದಿನಕ್ಕೆ ಎಷ್ಟು ಗಂಟೆ ಮಲಗುತ್ತಿದ್ದೆ ನೀನು? ಈ ಪತ್ರದಲ್ಲಿ ನಿನ್ನ ಜೊತೆ ಜಗಳವಾಡುವುದಿದ್ದರೆ ಅದೊಂದೇ ವಿಷಯಕ್ಕೆ. ಅದಕ್ಕೆ ಆಮೇಲೆ ಬರುತ್ತೇನೆ.

1928ರ ಮೇ ತಿಂಗಳಲ್ಲಿ ಒಸಾಕಾದಲ್ಲಿ 5.98 ಮೀಟರ್ ಹಾರಿದೆ. ವಿಶ್ವದಾಖಲೆ. ಅದು 1939ರವರೆಗೆ ಉಳಿಯಿತು; ನೀನು ಹೋಗಿ ಸುಮಾರು ಎಂಟು ವರ್ಷದವರೆಗೂ ಆ ದಾಖಲೆ ನಿನ್ನ ಹೆಸರಲ್ಲೇ ಇತ್ತು. ಆದರೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೆಂಗಸರಿಗೆ ಒಲಿಂಪಿಕ್ಸ್ ಟ್ರ್ಯಾಕಿನ ಬಾಗಿಲು ಮೊದಲ ಸಲ ತೆರೆದಾಗ ಕೊಟ್ಟದ್ದು ಐದೇ ಸ್ಪರ್ಧೆ: 100 ಮೀಟರ್, 800 ಮೀಟರ್, 4x100 ರಿಲೇ, ಎತ್ತರ ಜಿಗಿತ, ಡಿಸ್ಕಸ್. ಉದ್ದ ಜಿಗಿತವೇ ಇಲ್ಲ! ಅದು ಬಂದದ್ದು 1948ರಲ್ಲಿ. ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನೀನು ಏನು ಮಾಡಬಲ್ಲೆಯೋ ಅದನ್ನು ಬಿಟ್ಟು ಉಳಿದದ್ದನ್ನು ಮಾಡು ಎಂದು ಕರೆದ ಹಾಗಾಯಿತು. ನೀನು ಹೋದೆ. ಜಪಾನ್ ತಂಡದ ಏಕೈಕ ಹೆಣ್ಣಾಗಿ ಹೋದೆ. ಅದೇ ವರ್ಷ, ಅದೇ ಸ್ಟೇಡಿಯಮ್ಮಿನಲ್ಲಿ, ಮೇ ಕೊನೆಯಲ್ಲಿ ಧ್ಯಾನ್‌ಚಂದ್ ಆಡಿದ ನಮ್ಮ ಹಾಕಿ ತಂಡ ಮೊದಲ ಚಿನ್ನ ಗೆದ್ದಿತ್ತು. ನಮ್ಮ ಶಾಲೆಗಳಲ್ಲಿ ಆಮ್‌ಸ್ಟರ್‌ಡ್ಯಾಮ್ ಎಂದರೆ ಅದೊಂದೇ ನೆನಪು. ನಿನ್ನ ಹೆಸರನ್ನು ನಮಗೆ ಯಾರೂ ಹೇಳಲಿಲ್ಲ.

ನಿನ್ನ ಆಸೆ ಇದ್ದದ್ದು 100 ಮೀಟರಿನ ಮೇಲೆ. ಸೆಮಿಫೈನಲ್‌ನಲ್ಲಿ ಸೋತೆ. ಬರಿಗೈಯಲ್ಲಿ ಊರಿಗೆ ಹೇಗೆ ಮುಖ ತೋರಿಸಲಿ ಎಂದು ಆ ರಾತ್ರಿ ಅತ್ತೆ. ಆಮೇಲೆ, ಜನ್ಮದಲ್ಲಿ ಒಂದು ಸಲವೂ ಸ್ಪರ್ಧೆಯಲ್ಲಿ ಓಡದಿದ್ದ 800 ಮೀಟರಿಗೆ ಇಳಿಯುತ್ತೇನೆ ಎಂದು ಹಟ ಹಿಡಿದೆ. 800 ಎಂದರೆ ಏನೆಂದು ಓಡಿದವರಿಗೆ ಗೊತ್ತು. ಎರಡನೇ ಸುತ್ತಿನ ಅರ್ಧ ದಾಟುವಾಗ ತೊಡೆಗಳು ಕಲ್ಲಾಗುತ್ತವೆ, ಗಂಟಲಿನಲ್ಲಿ ರಕ್ತದ ರುಚಿ ಬರುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ. ವೇಗದ ಓಟಕ್ಕೆ ಪಳಗಿದ ಕಾಲಿಗೆ ಅದು ಬೇರೆಯೇ ಲೋಕ. ಅಲ್ಲಿಗೆ ನೀನು ಮುನ್ಸೂಚನೆಯಿಲ್ಲದೆ ಕಾಲಿಟ್ಟೆ. ಹೀಟ್ಸ್ ದಾಟಿದೆ. ಮಾರನೇ ದಿನ, ಆಗಸ್ಟ್ 2ರಂದು, ಫೈನಲ್.

ಜರ್ಮನಿಯ ಲೀನಾ ರಾಡ್ಕೆ ಮುಂದೆ, ನೀನು ಅವಳ ಹಿಂದೆ. 2 ನಿಮಿಷ 16.8 ಸೆಕೆಂಡಿಗೆ ಅವಳು ಮುಗಿಸಿದಳು, ಅದು ವಿಶ್ವದಾಖಲೆ. 0.8 ಸೆಕೆಂಡ್ ತಡವಾಗಿ ನೀನು ಬಂದೆ. ಸ್ವೀಡನ್ನಿನ ಇಂಗಾ ಜೆಂಟ್‌ಜೆಲ್ ಮೂರನೆಯವಳು. ನೀವು ಮೂವರೂ ಹಳೆಯ ವಿಶ್ವದಾಖಲೆಗಿಂತ ಬೇಗ ಓಡಿದ್ದಿರಿ. ಗೆರೆ ದಾಟಿದ ನೀನು ಕುಸಿದುಬಿದ್ದೆ. ಒಲಿಂಪಿಕ್ ಪದಕ ಗೆದ್ದ ಮೊದಲ ಜಪಾನಿ ಹೆಣ್ಣು ನೆಲದ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಅದೇ ದಿನ ಅದೇ ಮೈದಾನದಲ್ಲಿ ನಿನ್ನ ಗೆಳೆಯ ಮಿಕಿಯೊ ಓಡಾ ಟ್ರಿಪಲ್ ಜಂಪ್ ಗೆದ್ದು ಜಪಾನಿಗೆ ಮೊದಲ ಚಿನ್ನ ತಂದ.

ಕಿನುಯೆ, ಮುಂದಿನದನ್ನು ನಿನಗೆ ಹೇಳಲು ನನಗೆ ಇವತ್ತಿಗೂ ಸಂಕಟ. ನೀನು ಏಳುವಷ್ಟರಲ್ಲಿ ನಿಮ್ಮ ಓಟವನ್ನು ಕದ್ದುಬಿಟ್ಟಿದ್ದರು. ಹನ್ನೊಂದು ಹೆಂಗಸರು ಓಡಿದರು, ಐವರು ಅರ್ಧಕ್ಕೆ ಬಿಟ್ಟರು, ಇನ್ನೈವರು ಗೆರೆ ದಾಟಿ ಕುಸಿದುಬಿದ್ದರು ಎಂದು ಬರೆದ ಪತ್ರಕರ್ತರಿದ್ದರು. ಓಡಿದವರು ಒಂಬತ್ತೇ ಜನ. ಒಂಬತ್ತೂ ಜನ ಮುಗಿಸಿದರು. ಆ ದಿನದ ಫಿಲ್ಮಿನ ತುಣುಕು ಈಗಲೂ ಇದೆ, ಯಾರು ಬೇಕಾದರೂ ನೋಡಬಹುದು. ಸುಸ್ತಾದವರು ಹುಲ್ಲಿನ ಮೇಲೆ ಒರಗಿದರು. ಮುಗಿದ ಮೇಲೆ ಒರಗದ 800 ಮೀಟರ್ ಓಟಗಾರರನ್ನು ನಾನಂತೂ ಕಂಡದ್ದು ಕಡಿಮೆ. ಆದರೆ ನೋಡಿ, ಹೆಣ್ಣಿನ ಮೈಗೆ ಇದು ಆಗಿಬರುವುದಿಲ್ಲ ಎಂದರು. ಒಲಿಂಪಿಕ್ಸ್‌ನಲ್ಲಿ 200 ಮೀಟರಿಗಿಂತ ಉದ್ದದ ಓಟವನ್ನು ಹೆಂಗಸರಿಂದ ಕಿತ್ತುಕೊಂಡರು. ನಾನು ಕಂಡ ಆ 32 ವರ್ಷದ ಖಾಲಿ ಜಾಗ ಅದೇ.

ಅದಕ್ಕೂ 20 ವರ್ಷ ಹಿಂದೆ, 1908ರಲ್ಲಿ, ಲಂಡನ್ನಿನ ಮ್ಯಾರಥಾನ್‌ನಲ್ಲಿ ಇಟಲಿಯ ಡೊರಾಂಡೊ ಪಿಯೆತ್ರಿ ಸ್ಟೇಡಿಯಮ್ಮಿನೊಳಗೆ ಬಂದು ದಿಕ್ಕು ತಪ್ಪಿ, ಮೇಲಿಂದ ಮೇಲೆ ಬಿದ್ದ. ಅಧಿಕಾರಿಗಳು ಹಿಡಿದು ನಿಲ್ಲಿಸಿ ಗೆರೆ ದಾಟಿಸಿದರು. ಸಹಾಯ ಪಡೆದ ಎಂದು ಪದಕ ಹೋಯಿತು. ಆದರೆ ರಾಣಿ ಕರೆದು ಬೆಳ್ಳಿಯ ಲೋಟ ಕೊಟ್ಟಳು, ಜಗತ್ತು ಅವನನ್ನು ವೀರ ಎಂದಿತು. ಗಂಡಸರಿಗೆ ಮ್ಯಾರಥಾನ್ ಬೇಡ ಎಂದು ಯಾರಾದರೂ ಅಂದರೇ? ಗಂಡು ಬಿದ್ದರೆ ಕಥೆ, ಹೆಣ್ಣು ಬಿದ್ದರೆ ಕಾನೂನು. ನಿನ್ನನ್ನು ಕೊಂದದ್ದು ಇದೇ ಎಂದು ನಾನು ನಂಬಿದ್ದೇನೆ. ನ್ಯುಮೋನಿಯ ಎಂದು ಡಾಕ್ಟರು ಬರೆದಿರಬಹುದು. ಆದರೆ ಸುಸ್ತಾಯಿತು ಎಂದು ಹೇಳುವ ಹಕ್ಕನ್ನು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅವತ್ತು ನಿನ್ನಿಂದ ಕಿತ್ತುಕೊಂಡರು. ಸುಸ್ತಾಗಿದೆ ಎಂದು ನೀನು ಬಾಯಿಬಿಟ್ಟರೆ, ನೋಡಿದಿರಾ ನಾವು ಹೇಳಿದ್ದೇ ಸರಿ ಎಂದು ಅವರು ಮೆರೆಯುತ್ತಿದ್ದರು. ಹಾಗಾಗಿ ನೀನು ಹೇಳಲಿಲ್ಲ. ಆಮೇಲೆ ಯಾವತ್ತೂ ಹೇಳಲಿಲ್ಲ.

ಇದು ನನಗೆ ಹೇಗೆ ಗೊತ್ತು ಅಂತೀಯಾ? ನಮ್ಮ ಕಾಲಕ್ಕೂ ಆ ಮಾತು ಉಳಿದಿತ್ತು. ಹುಡುಗಿಯರಿಗೆ 100, 200 ಸಾಕಮ್ಮ, 800 ಭಾರವಾಗುತ್ತೆ ಎಂದು ಮೈದಾನದಲ್ಲಿ ಹೇಳುವವರಿದ್ದರು. ಅವರ ಎದುರು ಮುಟ್ಟಿನ ಹೊಟ್ಟೆನೋವು ಹೇಳುವಂತಿಲ್ಲ, ಜ್ವರ ಹೇಳುವಂತಿಲ್ಲ. ಸುಣ್ಣದ ಗೆರೆ ಎಳೆದ ಮಣ್ಣಿನ ಟ್ರ್ಯಾಕಿನಲ್ಲಿ ಓಟ ಮುಗಿಸಿ, ವಾಂತಿ ಬಂದರೆ ಪೆವಿಲಿಯನ್ ಹಿಂದಕ್ಕೆ ಹೋಗಿ ಮಾಡಿ, ಬಾಯಿ ಒರೆಸಿಕೊಂಡು ನಗುತ್ತಾ ಬರುತ್ತಿದ್ದೆವು. ಯಾರು ಕಲಿಸಿದರೋ ಅದನ್ನು. ನಿನ್ನ ಕಥೆ ಓದಿದ ಮೇಲೆ, ಅದು ಆಮ್‌ಸ್ಟರ್‌ಡ್ಯಾಮ್‌ನಿಂದಲೇ ಹೊರಟು ಬಂದದ್ದು ಎಂದು ನನಗೆ ಅನ್ನಿಸಿತು.

ನಿನಗೆ ಇನ್ನೊಬ್ಬಳ ವಿಷಯ ಹೇಳಬೇಕು. ತಮಿಳುನಾಡಿನ ಪುದುಕ್ಕೋಟ್ಟೈ ಸೀಮೆಯ ಶಾಂತಿ ಸೌಂದರರಾಜನ್. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಓಡಿದಳು. ಅದೇ 800 ಮೀಟರ್, ಅದೇ ಬೆಳ್ಳಿ. ಓಟವಾದ ಮೇಲೆ ಅವಳ ಲಿಂಗಪರೀಕ್ಷೆ ಮಾಡಿಸಿ, ಪದಕ ವಾಪಸ್ ಕಿತ್ತುಕೊಂಡರು. ಬಡ ಕೂಲಿಯವರ ಮನೆಯ ಮಗಳು, ಅಷ್ಟು ಓಡಿ ಬಂದವಳ ಹೆಣ್ತನವೇ ಊರೆಲ್ಲರ ಬಾಯಿಗೆ ಸಿಕ್ಕಿತು. ನಿನ್ನ ಬೆನ್ನ ಹಿಂದೆ 1926ರಲ್ಲಿ ಆಡಿದ ಪಿಸುಮಾತು 80 ವರ್ಷದ ಮೇಲೆ ಅಧಿಕೃತ ಕಾಗದವಾಗಿ ಅವಳ ಕೈಗೆ ಬಂತು. ನಿಮ್ಮಿಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಏನೂ ಕೇಳದೆ ಊಟಕ್ಕೆ ಬಡಿಸಬೇಕು ಅನ್ನಿಸುತ್ತದೆ.

ಈಗ ಜಗಳಕ್ಕೆ ಬರುತ್ತೇನೆ.

ಆಮ್‌ಸ್ಟರ್‌ಡ್ಯಾಮ್ ಆದ ಮೇಲೆ ನೀನು ಸ್ವಲ್ಪ ನಿಲ್ಲಬಹುದಿತ್ತು. ನಿಲ್ಲಲಿಲ್ಲ. 1930ರಲ್ಲಿ ಪ್ರಾಗ್‌ನಲ್ಲಿ ಹೆಂಗಸರ ಮೂರನೇ ಕೂಟ. ಒಬ್ಬಳೇ ಹೋದರೆ ಸಾಲದು, ನನ್ನ ಹಿಂದೆ ಬರುವವರೂ ಲೋಕ ನೋಡಬೇಕು ಎಂದು ಐವರು ಎಳೆಯ ಹುಡುಗಿಯರನ್ನು ಕಟ್ಟಿಕೊಂಡು ಹೊರಟೆ. ಅದಕ್ಕೆ ಬೇಕಾದ ದುಡ್ಡನ್ನು ಹೆಣ್ಣುಮಕ್ಕಳ ಶಾಲೆಗಳಿಂದ ಚಿಲ್ಲರೆ ಚಿಲ್ಲರೆಯಾಗಿ ಕೂಡಿಸಿದೆ. ಇದರಷ್ಟು ದೊಡ್ಡ ಕೆಲಸವನ್ನು ಪದಕ ಗೆದ್ದವರು ಮಾಡಿದ್ದು ಅಪರೂಪ, ನಾನು ಇಲ್ಲ ಅನ್ನುವುದಿಲ್ಲ. ಪ್ರಾಗ್‌ನಲ್ಲಿ ಉದ್ದ ಜಿಗಿತ 5.90 ಮೀಟರ್, ಮತ್ತೆ ಚಿನ್ನ. ಟ್ರಯಥ್ಲಾನ್‌ನಲ್ಲಿ ಬೆಳ್ಳಿ. 60 ಮೀಟರ್ ಓಟದಲ್ಲೂ ಜಾವೆಲಿನ್‌ನಲ್ಲೂ ಕಂಚು. ಸಾಕಲ್ಲ? ಸಾಲಲಿಲ್ಲ. ಅಲ್ಲಿಂದ ಪೋಲೆಂಡ್, ಜರ್ಮನಿ, ಬೆಲ್ಜಿಯಂ, ಫ್ರಾನ್ಸ್ ಎಂದು ಒಂದರ ಮೇಲೊಂದು ಸ್ಪರ್ಧೆ. ಗಂಟಲು ಕಟ್ಟಿದ್ದರೂ, ಮೈ ಬಿಸಿಯಿದ್ದರೂ ಇಳಿದೆ. ತಂಡದಲ್ಲಿ ನಿನ್ನ ಜಾಗಕ್ಕೆ ಬೇರೆಯವರಿರಲಿಲ್ಲ ನಿಜ. ಆದರೂ ಒಂದು ದಿನ, ಒಂದೇ ಒಂದು ದಿನ, ಇವತ್ತು ನನ್ನ ಕೈಲಾಗುವುದಿಲ್ಲ ಎನ್ನಬಾರದಿತ್ತೇ?

ಹಡಗಿನಲ್ಲಿ ವಾಪಸ್ ಬರುವ ಹೊತ್ತಿಗೆ ಊರಿನ ಮಾತುಗಳಲ್ಲಿ ಮೆಚ್ಚುಗೆಗಿಂತ ಅಸಮಾಧಾನವೇ ಹೆಚ್ಚಿತ್ತು. ಇನ್ನೂ ಗೆಲ್ಲಬೇಕಿತ್ತಂತೆ. ಬಂದು ಇಳಿದವಳು ಮಲಗಲಿಲ್ಲ. ಚಿಲ್ಲರೆ ಕೊಟ್ಟ ಶಾಲೆಗಳಿಗೆಲ್ಲ ಕೃತಜ್ಞತೆ ಹೇಳಲು ಹೊರಟೆ, ಭಾಷಣಕ್ಕೆ ಹೊರಟೆ, ಪತ್ರಿಕೆಯ ಕೆಲಸಕ್ಕೂ ಹೋದೆ. ನಿನ್ನ ಅಮ್ಮನಿಗೆ ಕಾಣಲಿಲ್ಲವೇ? ಕಚೇರಿಯಲ್ಲಿ ಒಬ್ಬರಾದರೂ ಮನೆಗೆ ಹೋಗಮ್ಮ ಎನ್ನಲಿಲ್ಲವೇ? ಅಂದಿರಬಹುದು, ನೀನು ನಕ್ಕು ತಳ್ಳಿಹಾಕಿರಬಹುದು. ಆ ನಗು ನನಗೆ ಚೆನ್ನಾಗಿ ಗೊತ್ತು. 1931ರ ವಸಂತದಲ್ಲಿ ನಿನ್ನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಒಸಾಕಾದಲ್ಲಿ, ಆಗಸ್ಟ್ 2ರಂದು, ಆ 800 ಮೀಟರ್ ಓಡಿದ ದಿನಕ್ಕೆ ಸರಿಯಾಗಿ ಮೂರು ವರ್ಷ ತುಂಬಿದಾಗ, ನೀನು ಹೋದೆ.

ಅದೇ ಬೇಸಿಗೆಯಲ್ಲಿ ಅಮೆರಿಕದಲ್ಲಿ, ಆಮ್‌ಸ್ಟರ್‌ಡ್ಯಾಮ್‌ನ 100 ಮೀಟರ್ ಗೆದ್ದಿದ್ದ ಬೆಟ್ಟಿ ರಾಬಿನ್ಸನ್ ವಿಮಾನ ಅಪಘಾತದಲ್ಲಿ ಸಿಕ್ಕಿಕೊಂಡಿದ್ದಳು. ಸತ್ತೇ ಹೋದಳು ಎಂದುಕೊಂಡವಳು ಬದುಕಿದಳು. ನಡೆಯಲು ಹೊಸದಾಗಿ ಕಲಿತು, 1936ರಲ್ಲಿ ಬರ್ಲಿನ್ನಿನಲ್ಲಿ ರಿಲೇ ಚಿನ್ನ ಗೆದ್ದಳು. ಅವಳಿಗೆ ವರ್ಷಗಟ್ಟಲೆ ಸುಮ್ಮನಿರುವ ಅವಕಾಶವನ್ನು ಅಪಘಾತ ಕೊಟ್ಟಿತು. ನಿನಗೆ ಅದನ್ನು ಯಾರೂ ಕೊಡಲಿಲ್ಲ, ನೀನೂ ತೆಗೆದುಕೊಳ್ಳಲಿಲ್ಲ.

ನೀನಿಲ್ಲದಾಗ ಏನೇನಾಯಿತು ಎಂದು ಹೇಳುತ್ತೇನೆ, ಕೇಳು. 1960ರಲ್ಲಿ ರೋಮ್‌ನಲ್ಲಿ ನಿನ್ನ ಓಟ ವಾಪಸ್ ಬಂತು. ಸೋವಿಯತ್ ದೇಶದ ಲ್ಯುಡ್ಮಿಲಾ ಶೆವ್ಟ್ಸೋವಾ 2 ನಿಮಿಷ 4.3 ಸೆಕೆಂಡಿಗೆ ಗೆದ್ದಳು. 1964ರ ಒಲಿಂಪಿಕ್ಸ್ ಎಲ್ಲಿ ಗೊತ್ತಾ? ನಿನ್ನ ಟೋಕಿಯೊದಲ್ಲೇ. ಅಲ್ಲಿ ಬ್ರಿಟನ್ನಿನ ಆನ್ ಪ್ಯಾಕರ್ ಎಂಬುವಳು 400 ಮೀಟರ್ ಗೆಲ್ಲುತ್ತೇನೆಂದು ಬಂದು, ಎರಡನೆಯವಳಾಗಿ, ಅಷ್ಟಾಗಿ ಅಭ್ಯಾಸವಿಲ್ಲದ 800ಕ್ಕೆ ಇಳಿದಳು. 2 ನಿಮಿಷ 1.1 ಸೆಕೆಂಡ್, ವಿಶ್ವದಾಖಲೆ, ಚಿನ್ನ. ಇದನ್ನು ಓದಿದಾಗ ನಿನ್ನನ್ನು ನೆನೆದು ಕಣ್ಣು ತುಂಬಿತು. ನೀನು ಬದುಕಿದ್ದರೆ ಆಗ ನಿನಗೆ 57. ಪತ್ರಕರ್ತರ ಗ್ಯಾಲರಿಯಲ್ಲಿ ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದೆ.

1992ರಲ್ಲಿ ಬಾರ್ಸಿಲೋನಾದಲ್ಲಿ ಮಹಿಳೆಯರ ಮ್ಯಾರಥಾನ್. 800 ಮೀಟರೇ ಹೆಚ್ಚಾಯಿತು ಎಂದಿದ್ದರಲ್ಲ, ಈಗ ಹೆಂಗಸರು 42 ಕಿಲೋಮೀಟರ್ ಓಡುತ್ತಿದ್ದರು. ಯುಕೊ ಅರಿಮೊರಿ ಬೆಳ್ಳಿ ಗೆದ್ದಳು. ನಿನ್ನ ನಂತರ ಟ್ರ್ಯಾಕ್ ಅಂಡ್ ಫೀಲ್ಡ್‌ನಲ್ಲಿ ಪದಕ ಗೆದ್ದ ಮೊದಲ ಜಪಾನಿ ಹೆಣ್ಣು, 64 ವರ್ಷದ ಮೇಲೆ. ನಿನ್ನದೇ ಒಕಯಾಮಾದ ಹುಡುಗಿ. ಅವಳು ಗೆರೆ ದಾಟುವಾಗ ಜಪಾನಿನಲ್ಲಿ ಆಗಸ್ಟ್ 2 ಮೂಡಿತ್ತು. 2000ದಲ್ಲಿ ಸಿಡ್ನಿಯಲ್ಲಿ ನಯೊಕೊ ತಕಹಾಶಿ ಮ್ಯಾರಥಾನ್ ಗೆದ್ದು ಚಿನ್ನ ತಂದಳು. 2024ರಲ್ಲಿ ಪ್ಯಾರಿಸ್‌ನಲ್ಲಿ ಹರುಕಾ ಕಿತಾಗುಚಿ ಜಾವೆಲಿನ್ ಎಸೆದು ಚಿನ್ನ ಗೆದ್ದಳು. ಅದನ್ನು ಎಸೆಯುತ್ತಿದ್ದವಳಲ್ಲವೇ ನೀನೂ. ನಮ್ಮ ಕಡೆಯಲ್ಲಿ ಗೀತಾ ಝುತ್ಶಿ 1978ರ ಏಷ್ಯನ್ ಕ್ರೀಡಾಕೂಟದಲ್ಲಿ 800 ಗೆದ್ದಳು, ಶೈನಿ ಅಬ್ರಹಾಂ 1984ರಲ್ಲಿ ಒಲಿಂಪಿಕ್ಸ್‌ನ ಸೆಮಿಫೈನಲ್ ತಲುಪಿದಳು, ಜ್ಯೋತಿರ್ಮಯಿ ಸಿಕ್ದರ್ 1998ರಲ್ಲಿ ಬ್ಯಾಂಕಾಕ್‌ನಲ್ಲಿ 800 ಮತ್ತು 1500 ಎರಡನ್ನೂ ಗೆದ್ದಳು. ಅವರೆಲ್ಲ ನಿನ್ನ ಹಿಂದೆ ಬಂದವರು. ಪ್ರಾಗ್‌ನವರು ನಿನ್ನನ್ನು ಮರೆತಿಲ್ಲ. ಅಲ್ಲಿನ ಓಲ್ಶಾನಿ ಸ್ಮಶಾನದಲ್ಲಿ ನಿನ್ನ ಹೆಸರಿನ ಫಲಕವಿದೆ.

ನಿನ್ನ ಬಗ್ಗೆ ಬರೆಯುವವರೆಲ್ಲ ನಿನ್ನ ಛಲವನ್ನು ಹೊಗಳುತ್ತಾರೆ. ಕುಸಿಯುವವರೆಗೂ ಓಡಿದಳು, ಉಸಿರಿರುವವರೆಗೂ ದುಡಿದಳು ಎನ್ನುತ್ತಾರೆ. ಆ ಹೊಗಳಿಕೆ ಕೇಳಿದರೆ ನನಗೆ ಹೊಟ್ಟೆಯೊಳಗೆ ಉರಿಯುತ್ತದೆ. ನಿನ್ನನ್ನು ತಿಂದದ್ದನ್ನೇ ನಿನ್ನ ಕೊರಳಿಗೆ ಹಾರ ಮಾಡಿ ಹಾಕುತ್ತಿದ್ದಾರೆ. ನನಗೆ ಆ ಛಲವಂತೆ ಬೇಡ, 50 ವರ್ಷದ ಕಿನುಯೆ ಬೇಕಿತ್ತು. ಹುಡುಗಿಯರಿಗೆ ಜಿಗಿತ ಕಲಿಸುವ, ಪತ್ರಿಕೆಗೆ ಕಾಲಂ ಬರೆಯುವ, ಆ ಒಂಬತ್ತು ಜನರ ಓಟದ ಬಗ್ಗೆ ಸುಳ್ಳು ಹೇಳಿದವರ ಮುಖಕ್ಕೆ ಫಿಲ್ಮ್ ಹಿಡಿದು ತೋರಿಸುವ ಕಿನುಯೆ. 32 ವರ್ಷ ಕಾಯಬೇಕಾಗಿ ಬರುತ್ತಿರಲಿಲ್ಲವೇನೋ ನಾವು.

ಈ ಪತ್ರ ಬೇರೆಯವರ ಕಣ್ಣಿಗೂ ಬೀಳುತ್ತದೆ. ಅವರಲ್ಲಿ ಹೆಣ್ಣುಮಕ್ಕಳಿಗೆ ಓಟ ಕಲಿಸುವ ಮೇಷ್ಟ್ರು, ಮೇಡಂ, ಓಡುವ ಮಗಳಿರುವ ಅಪ್ಪ ಅಮ್ಮ ಇದ್ದರೆ ಅವರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಇವತ್ತು ಆಗಲ್ಲ ಸಾರ್, ಸುಸ್ತಾಗಿದೆ ಎಂದು ಹುಡುಗಿ ಹೇಳಿದರೆ ನಂಬಿ. ಕೂರಿಸಿ, ನೀರು ಕೊಡಿ, ಮನೆಗೆ ಕಳಿಸಿ. ನಾಳೆ ಬಂದಾಗ ಅವಳ ಲೇನ್ ಅವಳಿಗೇ ಇರಲಿ.

ಇಂತಿ ನಿನ್ನ,
800 ಮೀಟರ್ ಓಡಿದವಳೊಬ್ಬಳು